ಅಮ್ಮನ ಮೂಗು, ಮಾಲೀಕನ ಬಾಯಿ

ಅಮ್ಮ ನಿದ್ದೆಯಲ್ಲಿ ಸಿಳ್ಳೆ ಹಾಕುತ್ತಾಳೆ. ಗೊರಕೆಯಲ್ಲ, ಸಿಳ್ಳೆಯೇ. ಮೂಗಿನ ಎರಡು ಹೊಳ್ಳೆಗಳ ನಡುವೆ ಇರುವ ತೆಳು ಗೋಡೆಯಲ್ಲಿ ಅವಳಿಗೆ ಒಂದು ತೂತಿದೆ. ಉಸಿರು ನೇರ ಒಳಗೆ ಹೋಗುವ ಬದಲು ಆ ತೂತಿನಲ್ಲಿ ಅಡ್ಡ ಹಾಯುತ್ತದೆ, ಸದ್ದು ಮಾಡುತ್ತದೆ. ಹೊರಗಿನಿಂದ ನೋಡಿದವರಿಗೆ ಮೂಗಿನ ಏಣು ಸ್ವಲ್ಪ ತಗ್ಗಿದಂತೆ ಕಾಣುತ್ತದೆ, ಅಷ್ಟೆ. ಆದರೆ ಅಷ್ಟೇ ಸಾಕಾಯಿತು.

ಸಾಗರದ ಹೊರಗೆ, ಹೊಸನಗರದ ರಸ್ತೆಯ ಬದಿಯಲ್ಲಿ ಒಂದು ತಗಡಿನ ಶೆಡ್ಡಿದೆ. ಅಡಿಕೆ ಸುಲಿಯುವ ಯಂತ್ರಗಳ ಭಾಗಗಳಿಗೆ ಅಲ್ಲಿ ಕ್ರೋಮ್ ಲೇಪ ಕೊಡುತ್ತಾರೆ. ಉರುಳೆ, ಅಲಗು, ಪಟ್ಟಿಗಳು ಕಪ್ಪಾಗಿ ಬರುತ್ತವೆ, ಕನ್ನಡಿಯಂತೆ ಹೊಳೆಯುತ್ತ ಹೋಗುತ್ತವೆ. ನಾನು ಹೈಸ್ಕೂಲು ಸೇರಿದಾಗ ಅಮ್ಮ ಅಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪ ಆಗಲೇ ತೀರಿಕೊಂಡಿದ್ದ. ಯಂತ್ರಗಳು ಬಂದ ಮೇಲೆ ನಮ್ಮೂರಿನ ಹೆಂಗಸರಿಗೆ ಅಡಿಕೆ ಸುಲಿಯುವ ಕೂಲಿ ಕಡಿಮೆಯಾಗಿತ್ತು, ಆ ಯಂತ್ರಗಳ ಅಲಗುಗಳಿಗೇ ಅಮ್ಮ ಹೊಳಪು ಕೊಡಲು ಹೋದಳು. ಕಿತ್ತಳೆ ಬಣ್ಣದ ದ್ರಾವಣ ತುಂಬಿದ ತೊಟ್ಟಿಯ ಮೇಲೆ ಬಾಗಿ ತುಂಡುಗಳನ್ನು ಕೊಕ್ಕೆಗೆ ಸಿಕ್ಕಿಸಿ ಇಳಿಬಿಡುವುದು, ಕರೆಂಟು ಹಾಯಿಸಿದ ಮೇಲೆ ಎತ್ತಿ ಪಕ್ಕದ ನೀರಿನಲ್ಲಿ ಅದ್ದಿ ತೊಳೆಯುವುದು ಅವಳ ಕೆಲಸ. ಕರೆಂಟು ಹರಿಯುವಾಗ ತೊಟ್ಟಿಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಒಡೆಯುತ್ತವೆ, ಒಡೆದಾಗ ದ್ರಾವಣ ಮಂಜಾಗಿ ಮೇಲೆ ಬರುತ್ತದೆ. ಅಮ್ಮ ಆ ಮಂಜನ್ನು ವರ್ಷಗಟ್ಟಲೆ ಉಸಿರಾಡಿದಳು. ತೊಳೆದ ನೀರು ಹಳದಿಯಾಗಿ ಚರಂಡಿ ಸೇರುತ್ತಿತ್ತು, ಅಲ್ಲಿಂದ ಹಿಂದಿನ ಹಳ್ಳಕ್ಕೆ.

ಮೊದಲು ಅವಳ ಬೆರಳುಗಳ ಮೇಲೆ ಹುಣ್ಣಾದವು. ಮೊಳೆಯಿಂದ ಒತ್ತಿದಂತೆ ಗುಂಡಗೆ, ಅಂಚು ಉಬ್ಬಿಕೊಂಡು, ನೋವೇ ಇಲ್ಲದ ಹುಣ್ಣುಗಳು. ಆಮೇಲೆ ಮೂಗಿನಿಂದ ರಕ್ತ. ಒಂದು ಸಂಜೆ ಟೀ ಹೊತ್ತಿನಲ್ಲಿ, ಎಲ್ಲ ಹೆಂಗಸರೂ ಶೆಡ್ಡಿನ ಬಾಗಿಲಲ್ಲಿ ಕೂತಿದ್ದಾಗ, ಮಾಲೀಕ ಅಮ್ಮನ ಎದುರು ನಿಂತು ಹೇಳಿದ.

"ಕೈ ಹಿಂಗೆ ತೂತು ಬೀಳ್ತದೆ, ಮೂಗು ಕರಗ್ತದೆ ಅಂದ್ರೆ ಯಾವ ಕಾಯ್ಲೆ ಅಂತ ನಾನು ಬಾಯ್ಬಿಟ್ಟು ಹೇಳ್ಬೇಕಾ? ನಾಳೆಯಿಂದ ಬರ್ಬೇಡ. ಇವ್ರಿಗೂ ಮನೇಲಿ ಮಕ್ಳಿದಾವೆ."

ಅವನು ಕಾಯಿಲೆಯ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಮ್ಮ ಬಸ್ಸಿಳಿಯುವ ಮೊದಲೇ ಆ ಹೆಸರು ನಮ್ಮೂರು ತಲುಪಿತ್ತು.

ಸುಲಿಯುವ ಕೂಲಿ ಕಡಿಮೆಯಾಗಿತ್ತೇ ಹೊರತು ನಿಂತಿರಲಿಲ್ಲ. ಯಂತ್ರ ಕೊಳ್ಳದ ಮನೆಗಳಲ್ಲಿ ಈಗಲೂ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು, ಮಾತಾಡುತ್ತ ಹಸಿ ಅಡಿಕೆ ಸುಲಿಯುತ್ತಾರೆ. ಅಮ್ಮ ಹಿಂದಿನಂತೆಯೇ ಆ ಸಾಲಿಗೆ ಹೋಗಿ ಕೂತಳು. ಪಕ್ಕದಲ್ಲಿದ್ದವರು ನಮ್ಮ ಕೆಳಮನೆಯವರು, ನಾನು ಚಿಕ್ಕಮ್ಮ ಎಂದು ಕರೆಯುವವರು, ಅಮ್ಮನ ಜೊತೆಗೇ ಶೆಡ್ಡಿನಲ್ಲಿ ದುಡಿದು, ರಜೆಯ ದಿನ ಸುಲಿಯಲು ಬರುತ್ತಿದ್ದವರು. ಅವರು ತಮ್ಮ ಮಣೆಯನ್ನು ಎತ್ತಿ ಸ್ವಲ್ಪ ಆಚೆ ಇಟ್ಟುಕೊಂಡು, "ಅಕ್ಕಾ, ನೀ ಆ ಬಾಗ್ಲ ಹತ್ರ ಕೂತ್ಕ, ಗಾಳಿ ಬರ್ತದೆ" ಎಂದರು. ಟೀ ಬಂದಾಗ ಅಮ್ಮನಿಗೆ ಬೇರೆ ಲೋಟ ಬಂತು. ಅಂದು ನಾನು ಜೊತೆಗಿದ್ದೆ. ಪಿಯುಸಿಯಲ್ಲಿದ್ದೆ. ಅಮ್ಮ ಟೀ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಬಂದಳು. ಮತ್ತೆ ಆ ಸಾಲಿಗೆ ಹೋಗಲಿಲ್ಲ.

ಶಿವಮೊಗ್ಗದ ಕಿವಿ-ಮೂಗು ಡಾಕ್ಟರು ಅಮ್ಮನ ಮೂಗಿಗೆ ಬೆಳಕು ಬಿಟ್ಟು ನೋಡಿ, "ಎಲ್ಲಿ ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಹೇಳಿದೆವು. "ಹಾಗಾದರೆ ಅದೇ," ಎಂದರು. ಚರ್ಮದ ಡಾಕ್ಟರೂ ಪರೀಕ್ಷೆ ಮಾಡಿಸಿ, ನೀವು ಹೆದರಿದ ಕಾಯಿಲೆ ಇಲ್ಲ ಎಂದರು. ಅಮ್ಮ ಊರಿಗೆ ಬಂದು ಎಲ್ಲರಿಗೂ ಹೇಳಿದಳು. ಕೇಳಿದವರು ತಲೆಯಾಡಿಸಿದರು. ಅವಳು ಅತ್ತ ಹೋದ ಮೇಲೆ, "ಡಾಕ್ಟ್ರು ಮುಖದ ಮೇಲೆ ಹೇಳ್ತಾರಾ?" ಎಂದುಕೊಂಡರು. ಆಗ ನನಗೆ ಒಂದು ವಿಷಯ ಖಚಿತವಾಯಿತು. ಈ ಮಾತು ಯಾರ ಬಾಯಿಂದ ಹೊರಬಿತ್ತೋ ಅದೇ ಬಾಯಿ ಅದನ್ನು ವಾಪಸು ತೆಗೆದುಕೊಳ್ಳಬೇಕು. ಅದೂ ಅದೇ ಹೆಂಗಸರ ಎದುರಿಗೆ. ಬೇರೆ ಯಾರು ಹೇಳಿದರೂ ಪ್ರಯೋಜನವಿಲ್ಲ.

ನಾನು ರಸಾಯನಶಾಸ್ತ್ರ ಓದಿದ್ದು ಜ್ಞಾನದ ಹಸಿವಿನಿಂದ ಎಂದು ಸಂದರ್ಶನಗಳಲ್ಲಿ ಹೇಳಿದ್ದೇನೆ. ಹಾಗಲ್ಲ. ಎಂಎಸ್ಸಿಯಲ್ಲಿದ್ದಾಗ ಕ್ರೋಮಿಯಂನ ಪಾಠ ಬಂತು. ಅದಕ್ಕೆ ಎರಡು ಮುಖ್ಯ ರೂಪಗಳು. ಒಂದು ಹಳದಿ, ನೀರಿನಲ್ಲಿ ಸಲೀಸಾಗಿ ಹರಿಯುವಂಥದು, ಮೈಯೊಳಗೆ ಇಳಿದು ಸುಡುವಂಥದು. ಇನ್ನೊಂದು ಹಸಿರು, ಅಷ್ಟು ಅಪಾಯವಿಲ್ಲದ್ದು, ಗಸಿಯಾಗಿ ತಳ ಹಿಡಿಯುವಂಥದು. ಹಳದಿಯನ್ನು ಹಸಿರಿಗೆ ತಿರುಗಿಸಿದರೆ ಅದನ್ನು ನೀರಿನಿಂದ ಬೇರ್ಪಡಿಸಬಹುದು. ಅದಕ್ಕೆ ಹಲವು ದಾರಿಗಳಿವೆ. ನಾನು ಆರಿಸಿಕೊಂಡದ್ದು ಕರೆಂಟಿನ ದಾರಿ. ಕೊಳೆನೀರಿನಲ್ಲಿ ಕಬ್ಬಿಣದ ಹಾಳೆಗಳನ್ನು ನಿಲ್ಲಿಸಿ ಕರೆಂಟು ಹಾಯಿಸಿದರೆ ಕಬ್ಬಿಣ ತಾನೇ ಸ್ವಲ್ಪಸ್ವಲ್ಪ ಕರಗುತ್ತದೆ, ಕರಗಿದ ಕಬ್ಬಿಣ ಹಳದಿಯನ್ನು ಹಸಿರು ಮಾಡುತ್ತದೆ, ಆಮೇಲೆ ಎರಡೂ ಸೇರಿ ಮೋಡದಂತೆ ಹೆಪ್ಪುಗಟ್ಟಿ ಕೆಳಗಿಳಿಯುತ್ತವೆ, ಮೇಲೆ ತಿಳಿನೀರು ಉಳಿಯುತ್ತದೆ. ಮಾಲೀಕ ಕರೆಂಟು ಹಾಯಿಸಿ ನೀರಿನಿಂದ ಲೋಹವನ್ನು ಉರುಳೆಯ ಮೇಲೆ ಹತ್ತಿಸುತ್ತಾನೆ, ನಾನು ಅದೇ ಕರೆಂಟಿನಿಂದ ಅವನು ಬಿಟ್ಟ ಲೋಹವನ್ನು ನೀರಿನಿಂದ ಇಳಿಸುತ್ತೇನೆ. ಪಿಎಚ್‌ಡಿಗೆ ಇದೇ ವಿಷಯ. ಮಾರ್ಗದರ್ಶಕರು ಯಾಕೆ ಇದೇ ಎಂದಾಗ, ನಮ್ಮ ಕಡೆ ಇದರ ಅಗತ್ಯವಿದೆ ಎಂದೆ. ಅದು ಸುಳ್ಳಲ್ಲ.

ಪದವಿಯ ನಂತರ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆ. ಬಸ್ಸು ಹೊಸನಗರ ದಾಟಿ ಸಾಗರದ ಕಡೆ ಹೊರಡುತ್ತದೆ, ನಮ್ಮೂರು ನಡುವೆ ಸಿಗುತ್ತದೆ. ಕೆಲವು ಸಲ ಇಳಿಯದೆ ಮುಂದೆ ಶೆಡ್ಡಿನವರೆಗೆ ಹೋಗಿ, ಹಿಂದಿನ ಹಳ್ಳದ ಬಳಿ ನಿಂತು ಬರುತ್ತಿದ್ದೆ. ಅಲ್ಲಿ ಹಳದಿ ಬಣ್ಣ ಕಾಣುತ್ತಿರಲಿಲ್ಲ. ನೀರು ಕೆಂಗಂದಾಗಿ ಹರಿಯುತ್ತಿತ್ತು. ನಮ್ಮ ಕಡೆ ಕೆಂಪು ನೀರು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಸುಲಿದ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಪು ರಸ, ಚೊಗರು, ಎಲ್ಲ ಮನೆಯ ಚರಂಡಿಯಲ್ಲೂ ಹರಿಯುತ್ತದೆ. ಆದರೆ ಅಡಿಕೆ ಬೇಯಿಸುವುದು ಕೊಯ್ಲಿನ ಕಾಲದಲ್ಲಿ. ನಾನು ಹಳ್ಳದ ಬಳಿ ನಿಂತಿದ್ದು ಆಷಾಢದಲ್ಲಿ, ಅಡಿಕೆ ಗೊನೆಗಳು ಇನ್ನೂ ಎಳೆಯವಾಗಿ ಮರದಲ್ಲೇ ಇರುವಾಗ. ಆಷಾಢದಲ್ಲಿ ಚೊಗರು ಎಲ್ಲಿಂದ ಬರುತ್ತದೆ?

ಶೆಡ್ಡಿನ ಹಿಂದೆ ಸಾಲಾಗಿ ನಿಂತ, ಅಂಚಿಗೆ ಚೊಗರು ಅಂಟಿದ ಡ್ರಮ್ಮುಗಳನ್ನು ಕಂಡಾಗ ಅರ್ಥವಾಯಿತು. ಮಾಲೀಕ ಕೊಯ್ಲಿನ ಕಾಲದಲ್ಲಿ ಚೊಗರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟುಕೊಂಡು, ವರ್ಷವಿಡೀ ಹಳದಿ ನೀರಿಗೆ ಬೆರೆಸಿ ಬಿಡುತ್ತಿದ್ದ. ಕೆಂಪಿನಲ್ಲಿ ಹಳದಿ ಮುಚ್ಚಿಹೋಗುತ್ತಿತ್ತು. ಇಂಥ ಉಪಾಯ ಬೇರೆ ಊರಿನವರಿಗೆ ಹೊಳೆಯುತ್ತಿರಲಿಲ್ಲ. ಆ ದಿನ ನಾನು ಏನೂ ಮಾಡಲಿಲ್ಲ. ಒಂದು ಬಾಟಲಿ ನೀರು ತುಂಬಿಕೊಂಡು ಬಸ್ಸು ಹತ್ತಿದೆ. ಕಾಯುವುದು ನನಗೆ ಕಷ್ಟವಲ್ಲ.

ಕಾದದ್ದು ವ್ಯರ್ಥವಾಗಲಿಲ್ಲ. ಹಳ್ಳದ ನೀರಿನ ಬಗ್ಗೆ ಕೆಳಗಿನ ಗದ್ದೆಯವರು ದೂರು ಕೊಟ್ಟರು, ಅಧಿಕಾರಿಗಳು ಬಂದು ನೀರು ತೆಗೆದುಕೊಂಡು ಹೋದರು, ಶುದ್ಧೀಕರಣದ ವ್ಯವಸ್ಥೆ ಆಗದಿದ್ದರೆ ಶೆಡ್ಡು ಮುಚ್ಚಬೇಕು ಎಂದು ನೋಟಿಸು ಕಳಿಸಿದರು. ಇದನ್ನೆಲ್ಲ ಯಾರು ಮಾಡಿಕೊಡುತ್ತಾರೆ ಎಂದು ಮಾಲೀಕ ವಿಚಾರಿಸಿದಾಗ, ತೀರ್ಥಹಳ್ಳಿಯಲ್ಲಿ ಒಬ್ಬಳಿದ್ದಾಳೆ ಎಂದು ಯಾರೋ ಹೇಳಿದರು. ಅವನು ಕಾಲೇಜಿಗೆ ಬಂದ. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದ. ನಾಚಿಕೊಳ್ಳಬಹುದು ಎಂದುಕೊಂಡಿದ್ದೆ. ಅವನು ಹಿಗ್ಗಿದ.

"ಅಯ್ಯೋ, ನಮ್ಮ ಹುಡ್ಗೀನೇ ಅಲ್ವಾ! ಇಡೀ ಶಿವಮೊಗ್ಗ ಜಿಲ್ಲೆ ಹುಡುಕ್ದೆ, ನೋಡಿದ್ರೆ ನಮ್ಮ ಶೆಡ್ಡಿನ ಅನ್ನ ತಿಂದು ಬೆಳೆದೋಳೇ ಡಾಕ್ಟ್ರಾಗಿ ಕೂತಿದಾಳೆ. ಇನ್ನೇನು ಹೆದ್ರಿಕೆ ನಂಗೆ?"

"ಕೂತ್ಕೊಳ್ಳಿ," ಎಂದೆ.

"ಎಷ್ಟು ಕರೆಂಟು ತಿಂತದೆ ನಿನ್ನ ಮಿಷನ್ನು? ತಿನ್ಲಿ ಬಿಡು. ಜೋಗ ಪಕ್ಕದಲ್ಲೇ ಇಟ್ಕೊಂಡು ಕರೆಂಟಿಗೆ ಅಳ್ತಾರಾ? ನಿನ್ನ ಫೀಸು ಹೇಳು."

"ಕಾಲೇಜಿಗೆ ಏನು ಕಟ್ಟಬೇಕೋ ಕಟ್ಟಿ. ನನಗೆ ಬೇಕಾದದ್ದು ಬೇರೆ." ಅವನು ಅಂದು ಟೀ ಹೊತ್ತಿನಲ್ಲಿ ಆಡಿದ ಮಾತನ್ನು ನಾನು ಒಂದಕ್ಷರ ಬಿಡದೆ ಹೇಳಿದೆ. ಕೊನೆಯ ವಾಕ್ಯವನ್ನೂ ಹೇಳಿದೆ.

"ಇದೆಲ್ಲ ಯಾವ ಕಾಲದ್ದು ಮಾರಾಯ್ತಿ! ಬೆಳಿಗ್ಗೆ ತಿಂದ ತಿಂಡಿ ನೆನಪಿರಲ್ಲ ನಂಗೆ."

"ನನಗಿದೆ. ಅಮ್ಮನ ಕೈ, ಮೂಗು ಹೋದದ್ದು ನಿಮ್ಮ ತೊಟ್ಟಿಯಿಂದ. ರೋಗ ಅಲ್ಲ. ಇದನ್ನ ನೀವು ಶೆಡ್ಡಿನಲ್ಲೇ, ಆ ಹೆಂಗಸರೆದುರಿಗೆ ಹೇಳಬೇಕು."

"ಅದಕ್ಕೇನಂತೆ, ನಾನೇ ಒಂದು ಸೀರೆ ಹಿಡ್ಕೊಂಡು ನಿಮ್ಮನೆಗೆ ಬಂದು..."

"ಸೀರೆ ಬೇಡ. ಮನೆಗೂ ಬರಬೇಡಿ."

ಅವನ ನಗು ಸ್ವಲ್ಪ ಇಳಿಯಿತು. "ಹಂಗಂದ್ರೆ ನಾಳೆ ಎಲ್ರೂ ಕೈ ತೋರಿಸ್ಕೊಂಡು ಬರ್ತಾರಲ್ಲೇ?"

ಅಂದರೆ ಅವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಅವನು ತಿಳಿಯದೆ ಆಡಿದ ಮಾತಿರಬಹುದು ಎಂಬ ಒಂದು ಸಣ್ಣ ಅನುಮಾನ ನನ್ನಲ್ಲಿ ಉಳಿದಿತ್ತು. ಆ ಕ್ಷಣ ಅದೂ ಹೋಯಿತು.

"ಬರಲಿ," ಎಂದೆ.

"ಆಯ್ತಮ್ಮ ಆಯ್ತು. ಮೊದ್ಲು ನಿನ್ನ ಮಿಷನ್ನು ನಡೀಲಿ. ನಡೆದ ದಿನ ಹೇಳ್ತೀನಿ."

ಕೆಲಸ ಶುರುವಾಯಿತು. ಕಾಲೇಜು ಮುಗಿದ ಮೇಲೆ, ರಜೆಗಳಲ್ಲಿ, ನಾನು ಶೆಡ್ಡಿಗೆ ಹೋಗುತ್ತಿದ್ದೆ. ತೊಳೆದ ನೀರು ಮೊದಲು ಒಂದು ಗುಂಡಿಯಲ್ಲಿ ಸೇರುವಂತೆ ಮಾಡಿಸಿದೆ, ಅಲ್ಲಿಂದ ಪಂಪಿನಲ್ಲಿ ನನ್ನ ತೊಟ್ಟಿಗೆ. ತೊಟ್ಟಿಯಲ್ಲಿ ಕಬ್ಬಿಣದ ಹಾಳೆಗಳು ಒಂದರ ಪಕ್ಕ ಒಂದು, ಮುಟ್ಟದಂತೆ. ಒಂದಕ್ಕೆ ಧನ, ಮುಂದಿನದಕ್ಕೆ ಋಣ. ನೀರಿನ ಹುಳಿ ಎಷ್ಟು, ಉಪ್ಪು ಎಷ್ಟು, ಕರೆಂಟು ಎಷ್ಟು ಹೊತ್ತು ಎಂದು ಹೊಂದಿಸಲು ದಿನಗಳು ಹಿಡಿದವು. ತಳದಲ್ಲಿ ಕೂರುವ ಗಸಿಯನ್ನು ಎಲ್ಲೆಂದರಲ್ಲಿ ಸುರಿಯುವಂತಿಲ್ಲ, ಅದಕ್ಕೆ ಮುಚ್ಚಳದ ಡ್ರಮ್ಮು ಇಡಿಸಿದೆ, ಅದನ್ನು ಒಯ್ಯುವವರ ಏರ್ಪಾಡು ಮಾಡಿಸಿದೆ. ಕೆಲಸವನ್ನು ಸರಿಯಾಗಿಯೇ ಮಾಡಿದೆ. ನನ್ನ ಸಿಟ್ಟಿಗೆ ಹಾಳು ಕೆಲಸ ಸಾಲುತ್ತಿರಲಿಲ್ಲ.

ಒಂದು ಮಾತನ್ನು ಮಾಲೀಕನಿಗೆ ಸ್ಪಷ್ಟವಾಗಿ ಹೇಳಿದ್ದೆ. "ಈ ಗುಂಡಿಗೆ ತೊಳೆದ ನೀರು ಬಿಟ್ಟು ಬೇರೆ ಏನೂ ಬೀಳಬಾರದು." ಯಾಕೆ ಎಂದು ಅವನು ಕೇಳಿದ್ದರೆ ಹೇಳುತ್ತಿದ್ದೆ. ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕೆಳಮನೆಯ ಚಿಕ್ಕಮ್ಮ ಈಗಲೂ ಅಲ್ಲೇ ಇದ್ದರು. ಅಮ್ಮ ಬಾಗುತ್ತಿದ್ದ ತೊಟ್ಟಿಯ ಮೇಲೆಯೇ ಬಾಗುತ್ತಿದ್ದರು. ನನ್ನನ್ನು ಕಂಡರೆ ವಿಪರೀತ ಪ್ರೀತಿ. ಅಧಿಕಾರಿಯೆದುರು ತೊಟ್ಟಿಯನ್ನು ನಡೆಸಿ ತೋರಿಸುವ ಪ್ರದರ್ಶನದ ಹಿಂದಿನ ದಿನ ಗುಟ್ಟು ಹೇಳುವಂತೆ ಹತ್ತಿರ ಬಂದರು.

"ಏ, ನಾಳೆ ಒಳ್ಳೆ ಸೀರೆ ಉಟ್ಕಂಡ್ ಬಾ. ಸಾವ್ಕಾರ್ರು ನಿಂಗೆ ಶಾಲು ಹೊದಿಸ್ತಾರಂತೆ. ಹಾರ, ಹಣ್ಣಿನ ಬುಟ್ಟಿ ಎಲ್ಲ ತರ್ಸಿದಾರೆ. 'ನಮ್ಮ ಶೆಡ್ಡಿನ ಮಗಳು' ಅಂತ ಭಾಷ್ಣ ಮಾಡ್ತಾರಂತೆ."

"ಬೇರೆ ಏನಾದ್ರೂ ಹೇಳ್ತಾರಂತಾ?"

"ಇನ್ನೆಂತ ಹೇಳ್ತಾರೆ? 'ಆ ಹುಡ್ಗಿದು ಏನೋ ಒಂದು ಹಠ, ಶಾಲು ಹೊದ್ಸಿದ್ರೆ ತಣ್ಣಗಾಗ್ತಾಳೆ' ಅಂತಿದ್ರಪ್ಪ."

ನಮ್ಮ ಕಡೆ ಯಾರ ಬಾಯನ್ನಾದರೂ ಮುಚ್ಚಿಸಬೇಕಾದರೆ ಸನ್ಮಾನ ಮಾಡುತ್ತಾರೆ. ಹೆಗಲ ಮೇಲೆ ಶಾಲು ಬಿದ್ದ ಮೇಲೆ ಯಾರೂ ಜಗಳ ತೆಗೆಯುವುದಿಲ್ಲ, ತೆಗೆದರೆ ಕೃತಘ್ನರು. ಅಂದು ಸಂಜೆ ಹೊರಡುವ ಮುಂಚೆ ಗುಂಡಿಯಿಂದ ಒಂದು ಕ್ಯಾನು ಹಳದಿ ನೀರು ತೆಗೆದು, ಮುಚ್ಚಳ ಬಿಗಿದು, ಜೊತೆಗೆ ಒಯ್ದೆ. ಮಾದರಿ ತೆಗೆದಿಡುವುದು ನನ್ನ ಅಭ್ಯಾಸ. ಅಂದಿನದು ಬರೀ ಅಭ್ಯಾಸವಾಗಿರಲಿಲ್ಲ.

ಮರುದಿನ ಶೆಡ್ಡಿನ ಮುಂದೆ ಶಾಮಿಯಾನ ಹಾಕಿತ್ತು. ನನ್ನ ತೊಟ್ಟಿಗೆ ಕುಂಕುಮ ಬಳಿದು ಚೆಂಡು ಹೂವಿನ ಹಾರ ಹಾಕಿದ್ದರು. ಮಾಲೀಕ ಯಂತ್ರ ಕೊಳ್ಳುವ ಗಿರಾಕಿಗಳನ್ನೂ ಕರೆಸಿದ್ದ, ತೋಟದ ಯಜಮಾನರು, ಹಿರಿಯರು. ಅಧಿಕಾರಿ ಇನ್ನೂ ಬಂದಿರಲಿಲ್ಲ. ಅಮ್ಮನನ್ನು ಬಾ ಎಂದಿದ್ದೆ, ಅವಳು ಬರಲಿಲ್ಲ. "ನೀನು ಹೋಗು. ನಂಗೆ ಆ ಬಾಗ್ಲು ಬೇಡ," ಎಂದಿದ್ದಳು.

ಗುಂಡಿಯ ಬಳಿ ಹೋದೆ. ನೀರು ಕೆಂಪಗಿತ್ತು. ಪಕ್ಕದಲ್ಲಿ ಎರಡು ಖಾಲಿ ಡ್ರಮ್ಮುಗಳು, ಅಂಚಿನಲ್ಲಿ ಚೊಗರಿನ ಅಂಟು. ಶುದ್ಧ ಮಾಡುವ ಮೊದಲು ಹಳದಿ ಕಂಡರೆ ಗಿರಾಕಿಗಳೆದುರು ಮರ್ಯಾದೆ ಹೋಗುತ್ತದೆ ಎಂದು ಹೆದರಿದ ಮಾಲೀಕನ ಕೈ ಎಂದಿನಂತೆ ಎಂದಿನ ಡ್ರಮ್ಮಿಗೇ ಹೋಗಿತ್ತು.

ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದವರ ಬೆರಳುಗಳು ಕಪ್ಪಾಗುವುದನ್ನು ಈ ಸೀಮೆಯಲ್ಲಿ ನೋಡದವರಿಲ್ಲ. ಅಡಿಕೆಯ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ನನ್ನ ತೊಟ್ಟಿಯಲ್ಲಿ ಕಬ್ಬಿಣ ಬರೀ ತಾಗುವುದಿಲ್ಲ, ಕರಗುತ್ತದೆ. ನಾನು ಗುಂಡಿಯ ಬಳಿ ನಿಂತಿದ್ದಾಗ ಇನ್ನೂ ಸಮಯವಿತ್ತು. ನೀರನ್ನು ಹಿಡಿದಿಟ್ಟು, ಇನ್ನೊಂದು ದಿನ ಪ್ರದರ್ಶನ ಇಟ್ಟುಕೊಳ್ಳೋಣ ಎಂದು ಅಧಿಕಾರಿಗೆ ಫೋನು ಮಾಡಬಹುದಿತ್ತು. ಒಳಗೆ ಮೇಜಿನ ಮೇಲೆ ಹಣ್ಣಿನ ಬುಟ್ಟಿಯ ಪಕ್ಕ ಶಾಲು ಮಡಿಸಿಟ್ಟಿತ್ತು. ನಾನು ಸುಮ್ಮನಿದ್ದೆ. ಇವತ್ತೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಅಧಿಕಾರಿ ಬಂದರು, ನಿವೃತ್ತಿಗೆ ಹತ್ತಿರವಾದ, ಮೆಲ್ಲಗೆ ಮಾತಾಡುವ ಮನುಷ್ಯ. ಮಾಲೀಕ ತೆಂಗಿನಕಾಯಿ ಒಡೆದ. "ಶುರು ಮಾಡಮ್ಮ, ನಮ್ಮ ಮನೆ ಮಗಳೇ," ಎಂದು ಮೈಕಿನಲ್ಲಿ ಹೇಳಿದ. ನಾನು ಪಂಪು ಹಾಕಿದೆ, ತೊಟ್ಟಿ ತುಂಬಿತು. ಕರೆಂಟು ಹಾಕಿದೆ.

ಮೊದಲು ಹಾಳೆಗಳ ಅಂಚಿನಿಂದ ಕಪ್ಪು ನೂಲುಗಳು ಎದ್ದವು. ಆಮೇಲೆ ನೂಲುಗಳು ಹರಡಿದವು. ನೋಡನೋಡುತ್ತಿದ್ದಂತೆ ತೊಟ್ಟಿಯ ನೀರೆಲ್ಲ ಮಸಿಯಾಯಿತು, ಗುಳ್ಳೆಗಳು ಕರಿ ನೊರೆಯಾಗಿ ಉಕ್ಕಿ ಚೆಂಡು ಹೂವಿನ ಹಾರದ ಮೇಲೆ ಇಳಿದವು.

ಮುಂದಿನ ಸಾಲಿನಲ್ಲಿದ್ದ ತೋಟದ ಹಿರಿಯರೊಬ್ಬರು ಎದ್ದು ಬಂದು ಇಣುಕಿದರು. "ಎಂತದಾ ಇದು, ಮಸಿ ಆಗೋತಲ ಮಾರಾಯ! ಚೊಗರು ಹಾಕಿದ್ರನ ಇದ್ಕೆ?"

"ಸಾವ್ಕಾರ್ರೇ," ಹಿಂದಿನಿಂದ ಚಿಕ್ಕಮ್ಮನ ದನಿ, "ಮದ್ವೆ ಮನೆ ಹಂಡೆ ತಳ ತೊಳ್ದಂಗಾಯ್ತಲ್ಲ!" ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗಿರಾಕಿಗಳು ಹಿಡಿಯದೆಯೇ ನಕ್ಕರು.

ಮಾಲೀಕನ ಮುಖ ಕೆಂಪೇರಿತು. "ನಾನೇನು ಮಾಡ್ಲಿ ಸಾರ್? ಇವಳ ಮಿಷನ್ನೇ ಸರಿ ಇಲ್ಲ. ಹೆಣ್ಮಕ್ಳ ಕೈಲಿ ಕೊಟ್ರೆ ಇಷ್ಟೇ."

ಈ ವಾಕ್ಯಕ್ಕಾಗಿ ನಾನು ಕಾದಿದ್ದೆ ಎನ್ನಬೇಕು. ಕರೆಂಟು ಆರಿಸಿದೆ. ಚೀಲದಿಂದ ಕ್ಯಾನನ್ನು ತೆಗೆದು ಹಳದಿ ನೀರನ್ನು ಗಾಜಿನ ಜಾಡಿಗೆ ಸುರಿದೆ. ಎರಡು ಸಣ್ಣ ಕಬ್ಬಿಣದ ಪಟ್ಟಿಗಳನ್ನು ಇಳಿಬಿಟ್ಟು ಬ್ಯಾಟರಿಯ ತಂತಿ ಸಿಕ್ಕಿಸಿದೆ. "ಇದು ನಿನ್ನೆ ಸಂಜೆ ಇದೇ ಗುಂಡಿಯಿಂದ ತೆಗೆದದ್ದು," ಎಂದೆ ಅಧಿಕಾರಿಗೆ. ಎಲ್ಲರೂ ಮೇಜಿನ ಸುತ್ತ ನೆರೆದರು. ಹಳದಿ ಮಂಕಾಯಿತು, ಹಸಿರಾಯಿತು, ಕಲಕಿ ಕೆಸರಾಯಿತು. ತಂತಿ ತೆಗೆದು ಬಿಟ್ಟೆ. ಕೆಸರು ಮೆಲ್ಲಗೆ ತಳಕ್ಕಿಳಿಯಿತು, ಮೇಲಿನಿಂದ ತಿಳಿ ಬಿಡುತ್ತ ಬಂತು. ಅಷ್ಟು ಹೊತ್ತೂ ಯಾರೂ ಕದಲಲಿಲ್ಲ. ಮಾಲೀಕ ಮಾತ್ರ ಹಾರವನ್ನು ಸರಿಮಾಡುತ್ತಿದ್ದ.

ಅಧಿಕಾರಿ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಹಾಗಾದರೆ ಆ ತೊಟ್ಟಿಗೆ ಚೊಗರು ಬಿದ್ದದ್ದು ಹೌದು. ಯಾಕೆ ಹಾಕಿದ್ರಿ?"

"ಅದು... ಬಣ್ಣ ಸಾರ್."

"ಯಾವ ಬಣ್ಣ?"

"ಹಳದಿ ಕಾಣ್ತದಲ್ಲ, ಅದಕ್ಕೆ."

"ಇವತ್ತೇ ಮೊದಲ ಸಲವಾ?"

ಅವನು ಖಾಲಿ ಡ್ರಮ್ಮುಗಳ ಕಡೆ ನೋಡಿದ. ಡ್ರಮ್ಮು ಹೊತ್ತು ತಂದವರೇ ಅಲ್ಲಿ ನಿಂತಿದ್ದರು, ಸುಳ್ಳು ಹೇಳುವಂತಿರಲಿಲ್ಲ. ಅಧಿಕಾರಿ ಹೇಳಿದರು, "ನೋಡಿ, ಈ ತೊಟ್ಟಿ ಖಾಲಿ ಮಾಡಿ, ತೊಳೆದು, ನೋಟಿಸಿನ ಗಡುವಿನೊಳಗೆ ಇವರು ಮತ್ತೆ ನಡೆಸಿ ತೋರಿಸಿದರೆ ಸರಿ. ಇಲ್ಲದಿದ್ದರೆ ಮುಚ್ಚುವುದೇ."

ಮಾಲೀಕ ನನ್ನ ಕಡೆ ತಿರುಗಿದ. ಮೊದಲ ಸಲ ಅವನು ನನ್ನನ್ನು ಬಹುವಚನದಲ್ಲಿ ಕರೆದ. "ಮಾಡಿಕೊಡ್ತೀರಲ್ಲ ಮೇಡಂ?"

"ಮಾಡಿಕೊಡ್ತೀನಿ. ನೀವು ಹೇಳಬೇಕಾದ್ದು ಬಾಕಿ ಇದೆ. ಈಗ ಹೇಳಿದರೆ ನಾಳೆಯೇ ಬರ್ತೀನಿ. ಹೇಳದಿದ್ದರೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ."

"ಈಗಲಾ? ಇವ್ರೆಲ್ಲರೆದುರಿಗೆ?"

"ಅವತ್ತೂ ಎಲ್ಲರೆದುರಿಗೇ ಹೇಳಿದ್ರಿ."

ಅವನು ಅಧಿಕಾರಿಯನ್ನು ನೋಡಿದ, ಗಿರಾಕಿಗಳನ್ನು ನೋಡಿದ, ಕರಿ ನೊರೆಯನ್ನು ನೋಡಿದ. ಕೈ ತಾನಾಗಿಯೇ ಮೈಕಿನ ಕಡೆ ಹೋಗಿ ವಾಪಸು ಬಂತು. "ಮುಂಚೆ ಇಲ್ಲಿ ಒಬ್ಳು ಕೆಲ್ಸಕ್ಕಿದ್ಲು," ಎಂದ, ನೆಲ ನೋಡಿಕೊಂಡು. "ಇವ್ರ ತಾಯಿ. ಅವ್ಳ ಕೈ ಮೂಗು ಹೋಗಿದ್ದು... ಅದು ಕಾಯ್ಲೆ ಅಲ್ಲ. ಈ ತೊಟ್ಟಿ ಹೊಗೆಗೆ ಹೋಗಿದ್ದು. ನಾನು ಹಂಗೆ ಹೇಳ್ಬಾರ್ದಿತ್ತು."

ನಗು ನಿಂತಿತ್ತು. ನಾನು ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದೆ. ಅದಕ್ಕಾಗಿಯೇ ಅಷ್ಟು ವರ್ಷ ಓದಿದ್ದೆ. ಚಿಕ್ಕಮ್ಮ ನನ್ನನ್ನು ನೋಡುತ್ತಿರಲಿಲ್ಲ. ಬಲಗೈಯ ರಬ್ಬರ್ ಗ್ಲೌಸನ್ನು ಮೆಲ್ಲಗೆ ಕಳಚುತ್ತಿದ್ದರು. ಗೆಣ್ಣುಗಳ ಮೇಲೆ ಅರಿಶಿನ ಮೆತ್ತಿದ್ದ ಬಟ್ಟೆಯ ಚೂರು. ಅದನ್ನು ಬಿಚ್ಚಿದರೆ ಕೆಳಗೆ ಗುಂಡನೆಯ, ಅಂಚು ಉಬ್ಬಿದ ಹುಣ್ಣುಗಳು.

"ನಂಗೂ ಇದೆ," ಎಂದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ. "ಯಾರಿಗೂ ತೋರ್ಸಿರ್ಲಿಲ್ಲ."

ನನಗೆ ಆಗ ಕನಿಕರ ಬರಲಿಲ್ಲ. ಅವರು ಯಾಕೆ ತೋರಿಸಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ತೋರಿಸಿದವಳಿಗೆ ಏನಾಯಿತು ಎಂದು ಅವರು ಕಂಡಿದ್ದರು, ತಮ್ಮ ಮಣೆಯನ್ನು ಆಚೆ ಇಟ್ಟುಕೊಂಡವರೂ ಅವರೇ. ಬಸ್ಸಿನಲ್ಲಿ ಬರುವಾಗ ಸ್ವಲ್ಪ ಕನಿಕರ ಬಂತು. ಶಿವಮೊಗ್ಗದ ಡಾಕ್ಟರ ವಿಳಾಸವನ್ನು ಮರುದಿನ ಅವರಿಗೆ ಕೊಟ್ಟೆ. ಶಾಲು ಮೇಜಿನ ಮೇಲೇ ಉಳಿಯಿತು.

ಅಮ್ಮ ಅಡಿಗೆಗೆ ಮಗೆಕಾಯಿ ಹೆಚ್ಚುತ್ತಿದ್ದಳು. ನಾನು ನಡೆದದ್ದನ್ನು ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಎಲ್ರೆದುರಿಗೂ ಹೇಳಿದ್ನಾ?"

"ಹೌದು."

"ಕೆಳಮನೆಯವ್ಳಿದ್ಲಾ?"

"ಇದ್ದರು."

"ಇನ್ನೊಂದ್ಸಲ ಹೇಳು. ಅವನು ಹೇಳ್ದಂಗೇ ಹೇಳು."

ಹೇಳಿದೆ. "ಮುಖ ಹೆಂಗಿತ್ತು?" ಎಂದಳು. ಅದನ್ನೂ ಹೇಳಿದೆ, ಕೆಂಪೇರಿದ್ದು, ನೆಲ ನೋಡಿದ್ದು, ಕೈ ಮೈಕಿನ ತನಕ ಹೋಗಿ ಬಂದದ್ದು. ಅಮ್ಮ ಇದನ್ನೆಲ್ಲ ಎಂದೋ ಮರೆತಿದ್ದಾಳೆ, ಸಿಟ್ಟು ನನ್ನೊಬ್ಬಳದೇ ಎಂದು ನಾನು ತಿಳಿದಿದ್ದೆ. ಅವಳು ಮಗೆಕಾಯಿ ಬೀಜವನ್ನು ಕೆರೆದು ಪಕ್ಕಕ್ಕೆ ಹಾಕಿ, "ನಾನು ಬರ್ಬೇಕಿತ್ತು," ಎಂದಳು.

ತೊಟ್ಟಿಯನ್ನು ಖಾಲಿ ಮಾಡಿಸಿ ಹಾಳೆಗಳನ್ನು ಉಜ್ಜಿ, ಮತ್ತೆ ನಡೆಸುವ ದಿನ ಅವಳು ನನ್ನ ಜೊತೆ ಬಸ್ಸು ಹತ್ತಿದಳು. ನಾನು ಕರೆದಿರಲಿಲ್ಲ. ಹೆಂಗಸರು ತೊಟ್ಟಿಗಳ ಬಳಿ ನಿಂತಿದ್ದರು, ಚಿಕ್ಕಮ್ಮ ಅಂದು ಕೆಲಸಕ್ಕೆ ಇಳಿಯದೆ ಗೋಡೆಗೆ ಒರಗಿ ನಿಂತಿದ್ದರು. ಅಮ್ಮ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತಳು, ಒಳಗೆ ಬರಲಿಲ್ಲ. ಮಾಲೀಕ ಕಂಡು ಎದ್ದು ಬಂದ.

"ಬಾ ಬಾ, ಕೂತ್ಕೋ. ಟೀ ತರಿಸ್ತೀನಿ."

"ಟೀ ಕುಡಿಯಕ್ಕೆ ಬಂದಿಲ್ಲ. ಮೊನ್ನೆ ಏನೋ ಹೇಳಿದ್ರಂತಲ್ಲ ನನ್ನ ಬಗ್ಗೆ. ನಾನಿರ್ಲಿಲ್ಲ."

"ಹೇಳಾಯ್ತಲ್ಲ ಮಾರಾಯ್ತಿ. ಎಲ್ರಿಗೂ ಗೊತ್ತಾಯ್ತಲ್ಲ."

"ನಂಗೆ ಹೇಳ್ಲಿಲ್ಲ."

ಅವನು ನನ್ನ ಕಡೆ ನೋಡಿದ. ನಾನು ಕರೆಂಟಿನ ಮೀಟರಿನ ಮುಳ್ಳನ್ನು ನೋಡುತ್ತಿದ್ದೆ. ಅವನು ಅಮ್ಮನ ಹತ್ತಿರ ಬಾಗಿ ಏನೋ ಗೊಣಗಿದ. ತುಟಿ ಅಲುಗಿದ್ದು ಮಾತ್ರ ಕಂಡಿತು.

"ಮಿಷನ್ ಸದ್ದು," ಎಂದಳು ಅಮ್ಮ. "ಕೇಳ್ಲಿಲ್ಲ."

ನಾನು ಎದ್ದು ಹೋಗಿ ಪಂಪು ಆರಿಸಿದೆ. ಆಮೇಲೆ ಫ್ಯಾನು, ಆಮೇಲೆ ಶೆಡ್ಡಿನ ದೊಡ್ಡ ಸ್ವಿಚ್ಚು.

ಅವನು ಮತ್ತೆ ಹೇಳಿದ. ಈ ಸಲ ಗೋಡೆಯ ಬಳಿ ನಿಂತವರಿಗೂ ಕೇಳಿಸಿತು. ಅಮ್ಮ ಪೂರ್ತಿ ಕೇಳಿಸಿಕೊಂಡಳು, ಕೊನೆಯ ಪದದವರೆಗೂ ಅವನ ಬಾಯಿಯನ್ನೇ ನೋಡುತ್ತ. ಆಮೇಲೆ ಹೆಂಗಸರ ಕಡೆ ತಿರುಗಿ, "ಕೇಳ್ತಾ?" ಎಂದಳು.

"ಕೇಳ್ತು ಅಕ್ಕಾ," ಎಂದರು ಚಿಕ್ಕಮ್ಮ.

ಅಮ್ಮ ನನ್ನತ್ತ ತಲೆಯಾಡಿಸಿದಳು. ನಾನು ಸ್ವಿಚ್ಚು ಹಾಕಿದೆ.